ಹಂದಿ ತಳಿಗಳ ಬೆಳವಣಿಗೆ: ರಕ್ತದ ಸಕ್ಕರೆ ಮತ್ತು ಇನ್ಸುಲಿನ್‌ಗಳ ಪಾತ್ರ

ಪುಣೆ ನಗರದಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ದಿವೆ ಘಾಟಿಯನ್ನು ಏರಿ ಮುಂದೆ ಸಾಗಿದರೆ, ಕರ್ಹಾ ನದಿಯ ದಂಡೆಯ ಮೇಲೆ ಸಾಸವಡ ಪಟ್ಟಣ ಸಿಗುತ್ತದೆ. ಇದು ಪುರಂದರ ತಾಲ್ಲೂಕಿನ ಮುಖ್ಯ ಪಟ್ಟಣ. ಸುತ್ತಲಿನ ಹಳ್ಳಿಗಳು ಅಂಜೂರ ಮತ್ತು ಸೀತಾಫಲದ ತೋಟಗಳಿಗೆ ಹೆಸರಾಗಿವೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಒಣಭೂಮಿ ದಕ್ಷಿಣಕ್ಕೆ ವಿಜಯಪುರ, ಬಾಗಲಕೋಟೆ, ಚಿತ್ರದುರ್ಗದ ಬಯಲುಗಳವರೆಗೂ ಹಬ್ಬಿರುವ ವಿಶಾಲ ಪ್ರದೇಶದ ಒಂದು ಭಾಗ. ಇಲ್ಲಿ ಸುಗ್ಗಿಯ ಎರಡು ಮೂರು ತಿಂಗಳು ಸಮೃದ್ಧಿ. ಉಳಿದ ಕಾಲ ಮಿತವಾದ ಬದುಕು. ಇಂತಹ ನೆಲದ ಪೇಟೆಯಲ್ಲಿ ಮಾರಾಟವಾಗದೆ ಉಳಿದ, ಅತಿಯಾಗಿ ಕಳಿತ ಹಣ್ಣು ಎರಡು ಹಂದಿಗಳ ಪಾಲಿಗೆ ಬಂದಿತೆಂದು ಭಾವಿಸೋಣ. ಒಂದು ನಾಡಿನ ಕಪ್ಪು ಹಂದಿ. ಇನ್ನೊಂದು ಬಿಳಿ ಯಾರ್ಕ್‌ಷೈರ್. ತಿಂದದ್ದು ಒಂದೇ, ತೂಕವೂ ಒಂದೇ. ಆದರೂ ಕೆಲವು ತಿಂಗಳುಗಳ ಅನಂತರ ಒಂದರ ಮೈಮೇಲೆ ಕೊಬ್ಬಿನ ಪದರ ದಪ್ಪವಾಗಿಯೂ, ಇನ್ನೊಂದರ ಮೈಯಲ್ಲಿ ಮಾಂಸಖಂಡ ಹೆಚ್ಚಾಗಿಯೂ ಕಾಣಬಹುದು. ಈ ಅಂತರಕ್ಕೆ ಕಾರಣವೇನು?

ಈ ಪ್ರಶ್ನೆಗೆ ಉತ್ತರ ಹೊಟ್ಟೆಯಲ್ಲಿಲ್ಲ, ರಕ್ತದಲ್ಲಿದೆ. ತಿಂದ ಆಹಾರವು ಸಕ್ಕರೆಯಾಗಿ ರಕ್ತವನ್ನು ಸೇರಿದ ಮೇಲೆ ಅದು ಎಲ್ಲಿಗೆ ಹೋಗಬೇಕು, ಸುಡಬೇಕೋ ಕೂಡಿಡಬೇಕೋ, ಮಾಂಸವಾಗಬೇಕೋ ಕೊಬ್ಬಾಗಬೇಕೋ ಎಂಬುದನ್ನು ನಿರ್ಧರಿಸುವುದರಲ್ಲಿ ಇನ್ಸುಲಿನ್ ಎಂಬ ಹಾರ್ಮೋನು ಪ್ರಧಾನ ಪಾತ್ರ ವಹಿಸುತ್ತದೆ. ಈ ವಿಷಯ ಹಂದಿ ಸಾಕುವವರಿಗೆ ಎಷ್ಟು ಮುಖ್ಯವೋ, ಮಧುಮೇಹದ ಭಾರವನ್ನು ಹೊತ್ತಿರುವ ನಮ್ಮ ಸಮಾಜಕ್ಕೂ ಅಷ್ಟೇ ಮುಖ್ಯ.

ಸಕ್ಕರೆ, ಇನ್ಸುಲಿನ್ ಮತ್ತು ಬೆಳವಣಿಗೆ

ಜೋಳ, ತೌಡು, ಗೆಣಸು ಮೊದಲಾದ ಆಹಾರದಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರಿದೊಡನೆ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಹರಡಿರುವ ವಿಶೇಷ ಜೀವಕೋಶಗಳು ಇನ್ಸುಲಿನ್ನನ್ನು ಸ್ರವಿಸುತ್ತವೆ. ಇನ್ಸುಲಿನ್ನಿನ ಅಪ್ಪಣೆ ದೊರೆತಾಗ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಗ್ಲೂಕೋಸನ್ನು ಒಳಕ್ಕೆ ಬರಮಾಡಿಕೊಳ್ಳುತ್ತವೆ. ಯಕೃತ್ತು ಅದನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುತ್ತದೆ. ರಕ್ತದ ಸಕ್ಕರೆ ಮತ್ತೆ ತನ್ನ ಮಿತಿಗೆ ಇಳಿಯುತ್ತದೆ.

ಇನ್ಸುಲಿನ್ ಎಂದರೆ ಸಕ್ಕರೆಯನ್ನು ಇಳಿಸುವ ವಸ್ತು ಎಂಬುದಷ್ಟೇ ಸಾಮಾನ್ಯರ ತಿಳಿವಳಿಕೆ. ವಾಸ್ತವವಾಗಿ ಅದು ದೇಹವನ್ನು ಕಟ್ಟುವ ಹಾರ್ಮೋನು. ಅಮೈನೋ ಆಮ್ಲಗಳಿಂದ ಸಸಾರಜನಕವನ್ನು ನಿರ್ಮಿಸುವ ಕಾರ್ಯಕ್ಕೆ ಅದು ಚಾಲನೆ ಕೊಡುತ್ತದೆ. ಇರುವ ಸಸಾರಜನಕ ಕರಗಿ ಹೋಗದಂತೆ ತಡೆಯುತ್ತದೆ. ಹೆಚ್ಚಾಗಿ ಬಂದ ಶಕ್ತಿಯನ್ನು ಕೊಬ್ಬಾಗಿ ಶೇಖರಿಸುತ್ತದೆ. ಇದರ ಜೊತೆಗೆ ರಚನೆಯಲ್ಲಿ ಇನ್ಸುಲಿನ್ನನ್ನೇ ಹೋಲುವ, ಬೆಳವಣಿಗೆಯನ್ನು ಪ್ರಚೋದಿಸುವ ಇನ್ನೆರಡು ವಸ್ತುಗಳೂ ದೇಹದಲ್ಲಿವೆ. ಅವುಗಳನ್ನು ಇನ್ಸುಲಿನ್‌ಸದೃಶ ಬೆಳವಣಿಗೆಯ ಅಂಶಗಳು ಎಂದು ಕರೆಯುತ್ತಾರೆ. ಆಹಾರ ಚೆನ್ನಾಗಿ ದೊರೆತು, ಇನ್ಸುಲಿನ್ ಸಾಕಷ್ಟು ಇದ್ದಾಗ ಯಕೃತ್ತು ಈ ಅಂಶವನ್ನು ಹೆಚ್ಚಾಗಿ ತಯಾರಿಸುತ್ತದೆ. ಹಸಿವಿನಿಂದ ಬಳಲುವ ಪ್ರಾಣಿಯಲ್ಲಿ ಅದು ಕುಗ್ಗುತ್ತದೆ. ಗ್ಲೂಕೋಸ್ ಉರುವಲು, ಅಮೈನೋ ಆಮ್ಲ ಇಟ್ಟಿಗೆ, ಇನ್ಸುಲಿನ್ ಕೆಲಸ ಮಾಡಿಸುವ ಮೇಸ್ತ್ರಿ ಎಂದು ತಿಳಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಕಟ್ಟಡ ಮೇಲೇಳದು.

ಹಂದಿಯಿಂದ ಮನುಷ್ಯನಿಗಾದ ಉಪಕಾರ

ಇನ್ಸುಲಿನ್ನನ್ನು ಬೇರ್ಪಡಿಸುವ ಕಾರ್ಯ 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮೆಕ್ಲಿಯಾಡ್ ಮತ್ತು ಕಾಲಿಪ್ ಇವರಿಂದ ಸಾಧ್ಯವಾಯಿತು. 1922ರ ಜನವರಿಯಲ್ಲಿ ಮೊದಲ ಬಾರಿಗೆ ಮಧುಮೇಹಿಯೊಬ್ಬನಿಗೆ ಅದನ್ನು ಕೊಡಲಾಯಿತು. ಅಂದಿನಿಂದ ಸುಮಾರು ಆರು ದಶಕಗಳ ಕಾಲ ಜಗತ್ತಿನ ಮಧುಮೇಹಿಗಳನ್ನು ಉಳಿಸಿದ್ದು ಕಸಾಯಿಖಾನೆಗಳಲ್ಲಿ ದೊರೆಯುತ್ತಿದ್ದ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಗಳು. ಮಾನವನ ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲಗಳಿವೆ. ದನದ ಇನ್ಸುಲಿನ್ ಇದರಿಂದ ಮೂರು ಕಡೆ ಭಿನ್ನವಾಗಿದ್ದರೆ, ಹಂದಿಯದು ಒಂದೇ ಒಂದು ಕಡೆ ಭಿನ್ನವಾಗಿದೆ. ಈ ಸಾಮೀಪ್ಯದಿಂದಲೇ ಹಂದಿಯ ಇನ್ಸುಲಿನ್ ಮನುಷ್ಯನಿಗೆ ಚೆನ್ನಾಗಿ ಒಗ್ಗಿತು. 1982ರಲ್ಲಿ ಸೂಕ್ಷ್ಮಾಣುಗಳ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದ ಮೇಲೆ ಪ್ರಾಣಿಮೂಲದ ಇನ್ಸುಲಿನ್ ಕ್ರಮೇಣ ಹಿಂದೆ ಸರಿಯಿತು. ಆದರೆ ಹಂದಿಯ ಅಧ್ಯಯನ ಹಿಂದೆ ಸರಿಯಲಿಲ್ಲ. ಅದರ ಜೀರ್ಣಾಂಗ, ಹೃದಯ, ಮೇದೋಜೀರಕ ಗ್ರಂಥಿ ಮತ್ತು ಆಹಾರಕ್ರಮ ಇವೆಲ್ಲವೂ ಮನುಷ್ಯನವನ್ನು ಹೋಲುವುದರಿಂದ ಹಂದಿಯ ರಕ್ತದಲ್ಲಿ ಕಂಡದ್ದು ಮನುಷ್ಯನ ಬಗ್ಗೆಯೂ ಸುಳಿವು ಕೊಡುತ್ತದೆ.

ಹುಟ್ಟಿದ ಮೊದಲ ದಿನ

ಹಂದಿಯ ಬದುಕಿನಲ್ಲಿ ರಕ್ತದ ಸಕ್ಕರೆಯು ಜೀವನ್ಮರಣದ ಪ್ರಶ್ನೆಯಾಗುವುದು ಮೊದಲ ದಿನವೇ. ಹುಟ್ಟಿದ ಮಾನವ ಶಿಶುವಿನ ಮೈಯಲ್ಲಿ ಗಣನೀಯ ಪ್ರಮಾಣದ ಕೊಬ್ಬು ಇರುತ್ತದೆ. ಹಂದಿಮರಿಯ ಮೈಯಲ್ಲಿ ಅದು ಕೇವಲ ಶೇಕಡಾ 1ರಿಂದ 2ರಷ್ಟು. ಅನೇಕ ಪ್ರಾಣಿಗಳ ಮರಿಗಳಲ್ಲಿ ಶಾಖವನ್ನು ಉತ್ಪಾದಿಸುವ ಕಂದು ಕೊಬ್ಬು ಎಂಬುದೊಂದಿದೆ. ಹಂದಿಯಲ್ಲಿ ಅದೂ ಇಲ್ಲ. ಆ ಕೊಬ್ಬು ಕೆಲಸ ಮಾಡಲು ಬೇಕಾದ ವಂಶವಾಹಿ ಹಂದಿಗಳ ಪೂರ್ವಜರಲ್ಲಿ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಯಿತೆಂದು ಸ್ವೀಡನ್ನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಇನ್ನು ಹುಟ್ಟುವಾಗ ಮರಿಯ ರಕ್ತದಲ್ಲಿ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಹೇರಳವಾಗಿರುತ್ತದೆ. ಗರ್ಭದಲ್ಲಿ ಕೂಡಿದ ಈ ಸಕ್ಕರೆ ಹೊರಬಂದ ಮರಿಯ ಹಸಿವಿಗೆ ಹೆಚ್ಚು ಪ್ರಯೋಜನಕ್ಕೆ ಬಾರದು.

ಹೀಗಾಗಿ ಮರಿಯ ಪಾಲಿಗೆ ಉಳಿಯುವುದು ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಒಂದಿಷ್ಟು ಗ್ಲೈಕೊಜನ್. ಗಿಣ್ಣುಹಾಲು ಸಿಗದಿದ್ದರೆ ಅದು ಸುಮಾರು ಒಂದು ದಿನದಲ್ಲಿ ಬರಿದಾಗುತ್ತದೆ. ಚಳಿ ಇದ್ದರೆ ಇನ್ನೂ ಬೇಗ. ಹೊಸದಾಗಿ ಹುಟ್ಟಿದ ಮರಿಗೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಅದಕ್ಕಿಂತ ಕಡಿಮೆಯಾದರೆ ಮೈಬಿಸಿ ಉಳಿಸಿಕೊಳ್ಳಲು ಅದು ಸಕ್ಕರೆಯನ್ನು ಸುಡತೊಡಗುತ್ತದೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ 50 ಮಿಲಿಗ್ರಾಂಗಿಂತ ಕೆಳಗಿಳಿದಾಗ ಮರಿ ಮಂಕಾಗುತ್ತದೆ, ನಡುಗುತ್ತದೆ, ತೂರಾಡುತ್ತದೆ, ಹಾಲು ಕುಡಿಯಲೂ ಶಕ್ತಿಯಿಲ್ಲದೆ ಬದಿಗೆ ಬೀಳುತ್ತದೆ. ತಾಯಿಯ ಮೈಕೆಳಗೆ ಸಿಕ್ಕಿ ಸತ್ತವೆಂದು ಎಣಿಸುವ ಎಷ್ಟೋ ಮರಿಗಳು ಅದಕ್ಕೆ ಮೊದಲೇ ಸಕ್ಕರೆ ಕುಸಿದು ಕದಲಲಾರದೆ ಹೋಗಿರುತ್ತವೆ.

ಎರಡು ಮೂರು ತಾಯಿಹಂದಿಗಳನ್ನು ಸಾಕಿ ಜೀವನ ನಡೆಸುವ ಕುಟುಂಬಕ್ಕೆ ಒಂದು ಸೂಲಿನಲ್ಲಿ ಮೂರು ಮರಿ ಉಳಿದರೂ ಅದು ದೊಡ್ಡ ಲಾಭ. ಸತ್ತರೆ ಆ ವರ್ಷದ ಆದಾಯವೇ ಕುಸಿದಂತೆ. ಇದರ ಪರಿಹಾರಕ್ಕೆ ದುಬಾರಿ ಔಷಧಿ ಬೇಕಾಗಿಲ್ಲ. ಮರಿ ಹುಟ್ಟಿದ ತಕ್ಷಣ ಮೈ ಒರೆಸಿ ಒಣಗಿಸಬೇಕು. ಒಣಹುಲ್ಲು ಹಾಸಿದ ಮೂಲೆಯಲ್ಲಿ ವಿದ್ಯುತ್ ಬಲ್ಬಿನ ಶಾಖ ಒದಗಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿಯೇ ಪ್ರತಿ ಮರಿಯೂ ಗಿಣ್ಣುಹಾಲು ಕುಡಿಯುವಂತೆ, ಬಡಕಲು ಮರಿಗೂ ಮೊಲೆ ಸಿಗುವಂತೆ ನೋಡಿಕೊಳ್ಳಬೇಕು. ಈಗಾಗಲೇ ಸೋತ ಮರಿಗೆ ಗ್ಲೂಕೋಸ್ ಕೊಡುವ ಕೆಲಸವನ್ನು ಪಶುವೈದ್ಯರಿಂದ ಮಾಡಿಸಬೇಕು.

ಎಳೆಯ ಮರಿಯ ವೇಗ

ಮೊದಲ ದಿನವನ್ನು ದಾಟಿದ ಮರಿಯ ಬೆಳವಣಿಗೆ ಬೆರಗು ಹುಟ್ಟಿಸುವಂಥದು. ಸುಮಾರು 1.3 ಕಿಲೋಗ್ರಾಂ ತೂಕದಿಂದ ಆರಂಭಿಸಿದ ಬಿಳಿ ಯಾರ್ಕ್‌ಷೈರ್ ಮರಿ ಒಳ್ಳೆಯ ಪಾಲನೆಯಲ್ಲಿ ಆರು ತಿಂಗಳಿಗೆ 90ರಿಂದ 100 ಕಿಲೋಗ್ರಾಂ ತಲುಪುತ್ತದೆ. ಈ ವೇಗದ ಗುಟ್ಟನ್ನು ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ಮಕ್ಕಳ ಪೋಷಣಾ ಸಂಶೋಧನ ಕೇಂದ್ರದಲ್ಲಿ ತೆರೇಸಾ ಡೇವಿಸ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಿಂದ ಅಭ್ಯಸಿಸಿದ್ದಾರೆ. ಎಳೆಯ ಮರಿಯ ಸ್ನಾಯು ಇನ್ಸುಲಿನ್ನಿಗೆ ಅತ್ಯಂತ ಚುರುಕಾಗಿ ಸ್ಪಂದಿಸುತ್ತದೆ. ಪ್ರತಿ ಬಾರಿ ಹಾಲು ಕುಡಿದಾಗಲೂ ಇನ್ಸುಲಿನ್ ಏರಿ, ಸ್ನಾಯುವಿನಲ್ಲಿ ಸಸಾರಜನಕದ ನಿರ್ಮಾಣ ಭರದಿಂದ ಸಾಗುತ್ತದೆ. ಮೊದಲ ವಾರದಲ್ಲಿ ಕಾಣುವ ಈ ಚುರುಕು ನಾಲ್ಕನೆಯ ವಾರದ ವೇಳೆಗೆ ಬಹಳಷ್ಟು ಇಳಿದಿರುತ್ತದೆ. ಆದ್ದರಿಂದ ತಾಯಿಯ ಹಾಲು ಕಡಿಮೆಯಾಗಿ ಮೊದಲ ವಾರಗಳಲ್ಲಿ ಕಳೆದುಕೊಂಡ ಬೆಳವಣಿಗೆಯನ್ನು ಮುಂದೆ ಎಷ್ಟು ಮೇವು ಹಾಕಿದರೂ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ. ಆಗ ಹಾಕಿದ ಮೇವು ಮಾಂಸಕ್ಕಿಂತ ಕೊಬ್ಬಿನ ಕಡೆಗೆ ಹೆಚ್ಚು ವಾಲುತ್ತದೆ.

ತಳಿಯಿಂದ ತಳಿಗೆ

ಎಲ್ಲ ಹಂದಿಗಳಲ್ಲಿಯೂ ಇನ್ಸುಲಿನ್ ಒಂದೇ. ಅದಕ್ಕೆ ದೇಹ ಸ್ಪಂದಿಸುವ ಬಗೆ ಮಾತ್ರ ಬೇರೆ. ಸ್ಪೇನಿನ ಐಬೀರಿಯನ್ ಹಂದಿ ಓಕ್ ಮರದ ಕಾಯಿಗಳನ್ನು ತಿಂದು ಕೊಬ್ಬು ಬೆಳೆಸಿಕೊಳ್ಳುವ ಹಳೆಯ ತಳಿ. ಡೆನ್ಮಾರ್ಕಿನ ಮೂಲದ ಲ್ಯಾಂಡ್‌ರೇಸ್, ಕೊಬ್ಬು ಕಡಿಮೆಯಿರುವ ಮಾಂಸಕ್ಕಾಗಿ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ. ಇವೆರಡನ್ನೂ ಹೋಲಿಸಿದ ಸ್ಪೇನಿನ ಅಧ್ಯಯನದಲ್ಲಿ ಐಬೀರಿಯನ್ ಹಂದಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವುದು ಕಂಡುಬಂದಿತು. ಕೊಬ್ಬಿನ ತಳಿಯ ಸ್ನಾಯು ಇನ್ಸುಲಿನ್ನಿನ ಮಾತನ್ನು ಬೇಗ ಕೇಳುವುದಿಲ್ಲ. ಅದಕ್ಕಾಗಿ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಹೆಚ್ಚಿದ ಇನ್ಸುಲಿನ್ ಶಕ್ತಿಯನ್ನು ಕೊಬ್ಬಿನ ಕಡೆಗೆ ತಳ್ಳುತ್ತದೆ ಎಂದು ಇದನ್ನು ಅರ್ಥೈಸಬಹುದು.

ಇನ್ನೊಂದು ಉದಾಹರಣೆ ಅಮೆರಿಕದ ಜಾರ್ಜಿಯಾ ತೀರದ ಒಸಾಬಾ ದ್ವೀಪದ ಹಂದಿ. ಸ್ಪೇನಿನವರು ಕೆಲವು ಶತಮಾನಗಳ ಹಿಂದೆ ತಂದುಬಿಟ್ಟ ಹಂದಿಗಳ ಸಂತತಿಯಿದು. ದ್ವೀಪದಲ್ಲಿ ಒಂದು ಋತುವಿನಲ್ಲಿ ಆಹಾರ ಹೇರಳ, ಮತ್ತೊಂದರಲ್ಲಿ ಬರ. ಸಿಕ್ಕಾಗ ಕೊಬ್ಬಾಗಿ ಕೂಡಿಟ್ಟುಕೊಂಡವು ಬದುಕಿದವು. ಈ ಹಂದಿಗಳನ್ನು ಕೊಟ್ಟಿಗೆಗೆ ತಂದು ಸದಾ ಸಮೃದ್ಧವಾಗಿ ಉಣಿಸಿದಾಗ ಅವು ಬೊಜ್ಜು ಬೆಳೆಸಿ, ಇನ್ಸುಲಿನ್ನಿಗೆ ಸ್ಪಂದಿಸದ ಸ್ಥಿತಿಯನ್ನೂ ರಕ್ತದ ಒತ್ತಡದ ಏರಿಕೆಯನ್ನೂ ತೋರುತ್ತವೆ. ಬರದಲ್ಲಿ ಉಳಿಸಿದ ಗುಣವೇ ಸಮೃದ್ಧಿಯಲ್ಲಿ ರೋಗದ ಮೂಲವಾಗುತ್ತದೆ. ಆದರೂ ಬೊಜ್ಜು ಬಂದ ಹಂದಿಗಳಲ್ಲಿ ಕೂಡ ಪೂರ್ಣ ಸ್ವರೂಪದ ಮಧುಮೇಹ ಅಪರೂಪವೆಂಬುದು ಗಮನಾರ್ಹ. ಅವುಗಳ ಗ್ರಂಥಿ ಬೇಕಾದಷ್ಟು ಇನ್ಸುಲಿನ್ ಸ್ರವಿಸಿ ಸಕ್ಕರೆಯನ್ನು ಹಿಡಿತದಲ್ಲಿಡುತ್ತದೆ.

ತಳಿಭೇದದ ಒಂದು ಕಾರಣವನ್ನು ವಂಶವಾಹಿಯ ಮಟ್ಟದಲ್ಲಿಯೇ ಗುರುತಿಸಲಾಗಿದೆ. ಮೇಲೆ ಹೇಳಿದ ಇನ್ಸುಲಿನ್‌ಸದೃಶ ಅಂಶಗಳಲ್ಲಿ ಎರಡನೆಯದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯಾದರೆ ಸ್ನಾಯುವಿನಲ್ಲಿ ಆ ಅಂಶ ಸುಮಾರು ಮೂರು ಪಟ್ಟು ಹೆಚ್ಚಾಗಿ ತಯಾರಾಗುತ್ತದೆ. ಮಾಂಸ ಹೆಚ್ಚುತ್ತದೆ, ಬೆನ್ನಿನ ಕೊಬ್ಬು ತಗ್ಗುತ್ತದೆ. ಸ್ವೀಡನ್ ಮತ್ತು ಬೆಲ್ಜಿಯಂ ದೇಶಗಳ ವಿಜ್ಞಾನಿಗಳು 2003ರಲ್ಲಿ ಇದನ್ನು ಪ್ರಕಟಿಸಿದರು. ಇನ್ನೂ ಕುತೂಹಲದ ಸಂಗತಿಯೆಂದರೆ ಈ ವಂಶವಾಹಿಯ ತಂದೆಯಿಂದ ಬಂದ ಪ್ರತಿ ಮಾತ್ರ ಮರಿಯ ಸ್ನಾಯುವಿನಲ್ಲಿ ಕೆಲಸ ಮಾಡುತ್ತದೆ. ತಾಯಿಯಿಂದ ಬಂದದ್ದು ಮೌನವಾಗಿರುತ್ತದೆ. ಮರಿಗಳಲ್ಲಿ ಮಾಂಸ ತುಂಬಬೇಕೆಂದು ಬಯಸುವವರು ಗಂಡು ಹಂದಿಯ ಆಯ್ಕೆಯಲ್ಲಿ ಏಕೆ ಎಚ್ಚರ ವಹಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ನಮ್ಮ ನಾಡಿನ ಹಂದಿಗಳು

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 90.6 ಲಕ್ಷ ಹಂದಿಗಳಿದ್ದವು. 2012ರ ಗಣತಿಗೆ ಹೋಲಿಸಿದರೆ ಇದು ಶೇಕಡಾ 12ರಷ್ಟು ಇಳಿಕೆ. ಪಶ್ಚಿಮ ಬಂಗಾಳದ ಘುಂಗ್ರು, ಮೇಘಾಲಯದ ನಿಯಾಂಗ್ ಮೇಘಾ, ನಮ್ಮ ನೆರೆಯ ಗೋವಾದ ಅಗೊಂಡಾ ಗೋವನ್ ಮೊದಲಾದವು ದೇಶದ ನೋಂದಾಯಿತ ತಳಿಗಳು. ದಖ್ಖನ್ನಿನ ಊರುಗಳ ಅಂಚಿನಲ್ಲಿ ಕಾಣುವ ಕಪ್ಪು ಮೈಯ, ಉದ್ದ ಮೂತಿಯ ಹಂದಿ ನಿಧಾನವಾಗಿ ಬೆಳೆಯುತ್ತದೆ. ಯಾರ್ಕ್‌ಷೈರ್ ನೂರು ಕಿಲೋ ತೂಗುವ ವಯಸ್ಸಿನಲ್ಲಿ ಇದು ಅದರ ಅರ್ಧವನ್ನೂ ತಲುಪಿರುವುದಿಲ್ಲ. ಆದರೆ ಬಿಸಿಲು, ಅರೆಹೊಟ್ಟೆ, ಒರಟು ಮೇವು ಇವನ್ನೆಲ್ಲ ತಾಳುವ ಶಕ್ತಿ ಅದಕ್ಕಿದೆ. ಅದು ಕೀಳು ತಳಿಯಲ್ಲ. ಬೇರೊಂದು ಲೆಕ್ಕಾಚಾರದ ತಳಿ.

ಈ ಎರಡು ಗುಣಗಳನ್ನೂ ಕೂಡಿಸುವ ಪ್ರಯತ್ನವಾಗಿ ಮಿಶ್ರತಳಿಗಳು ಬಂದಿವೆ. ಗುವಾಹಟಿ ಸಮೀಪದ ರಾಣಿ ಎಂಬಲ್ಲಿ 2002ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹಂದಿ ಸಂಶೋಧನ ಕೇಂದ್ರವು ಹ್ಯಾಂಪ್‌ಷೈರ್ ಮತ್ತು ಘುಂಗ್ರು ತಳಿಗಳ ಸಂಯೋಗದಿಂದ 'ರಾಣಿ' ಎಂಬ ತಳಿಯನ್ನು ರೂಪಿಸಿದೆ. ಪಂದಿಕರಿಗೆ ಹೆಸರಾದ ಕೊಡಗಿನಲ್ಲಿಯೂ, ಕರ್ನಾಟಕದ ಇತರ ಕಡೆಗಳಲ್ಲಿಯೂ ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯೂರಾಕ್ ರಕ್ತದ ಹಂದಿಗಳನ್ನು ಸಾಕುವವರಿದ್ದಾರೆ. ಇಂತಹ ಹಂದಿಗೆ ಕಪ್ಪು ಹಂದಿಯ ಮೇವನ್ನೇ ಹಾಕಿ ನೂರು ಕಿಲೋ ನಿರೀಕ್ಷಿಸುವುದೂ, ಕಪ್ಪು ಹಂದಿಗೆ ಅತಿ ಸಮೃದ್ಧ ಮೇವು ಹಾಕಿ ಮಾಂಸ ನಿರೀಕ್ಷಿಸುವುದೂ ಎರಡೂ ನಷ್ಟದ ದಾರಿಗಳು.

ಸಿಹಿ ಮೇವಿನ ಲೆಕ್ಕ

ಈಗ ಸಾಸವಡದ ಕಳಿತ ಹಣ್ಣಿನ ಪ್ರಶ್ನೆಗೆ ಉತ್ತರ ಸುಲಭವಾಗುತ್ತದೆ. ಅಂಜೂರ, ಸೀತಾಫಲದಂತಹ ಹಣ್ಣಿನಲ್ಲಿ ಸಕ್ಕರೆ ಹೇರಳ, ಸಸಾರಜನಕ ಅತ್ಯಲ್ಪ. ಅದನ್ನು ತಿಂದ ಹಂದಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಏರುತ್ತದೆ. ಮೇಸ್ತ್ರಿ ಬಂದು ನಿಂತಿದ್ದಾನೆ, ಉರುವಲೂ ಇದೆ. ಆದರೆ ಇಟ್ಟಿಗೆ ಇಲ್ಲ. ಮಾಂಸ ಕಟ್ಟಲಾಗದ ಶಕ್ತಿ ಕೊಬ್ಬಾಗಿ ಸಂಗ್ರಹವಾಗುತ್ತದೆ. ಬೆಲ್ಲದ ಮಡ್ಡಿ, ಹೋಟೆಲಿನ ಅನ್ನ, ಬೇಕರಿಯ ಉಳಿಕೆ ಇವುಗಳ ಕಥೆಯೂ ಇದೇ. ಸಿಹಿ ಹೆಚ್ಚು ತಿನ್ನಿಸಿದರೆ ಹಂದಿ ಬೇಗ ಬಲಿಯುತ್ತದೆ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ.

ಸಿಹಿಯನ್ನು ಬಿಡಬೇಕೆಂದಲ್ಲ, ಅದಕ್ಕೆ ಜೊತೆ ಬೇಕು. ಶೇಂಗಾ ಹಿಂಡಿ, ಸೋಯಾ ಹಿಂಡಿ ಅಥವಾ ಮೀನಿನ ಪುಡಿ, ಖನಿಜ ಮಿಶ್ರಣ ಇವನ್ನು ಬೆರೆಸಿದರೆ ಅದೇ ಇನ್ಸುಲಿನ್ ಮಾಂಸ ಕಟ್ಟುವ ಕೆಲಸಕ್ಕೆ ತೊಡಗುತ್ತದೆ. ಹಂದಿಯ ಆಹಾರದಲ್ಲಿ ಮೊದಲು ಕೊರತೆಯಾಗುವುದು ಲೈಸಿನ್ ಎಂಬ ಅಮೈನೋ ಆಮ್ಲ; ಜೋಳ, ಮುಸುಕಿನ ಜೋಳಗಳಲ್ಲಿ ಅದು ಕಡಿಮೆ, ಸೋಯಾ ಮತ್ತು ಮೀನಿನಲ್ಲಿ ಹೆಚ್ಚು. ಎಳೆಯ ಹಂದಿಯ ಮೇವಿನಲ್ಲಿ ಸಸಾರಜನಕ ಶೇಕಡಾ 18ರಿಂದ 20, ಬೆಳೆಯುವ ಹಂದಿಗೆ 16, ಕೊನೆಯ ಹಂತಕ್ಕೆ 14ರ ಆಸುಪಾಸು ಇದ್ದರೆ ಸಾಕು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಸೀತಾಫಲದ ಬೀಜದಲ್ಲಿ ಕೀಟಗಳನ್ನು ಕೊಲ್ಲುವಂತಹ ವಿಷಾಂಶವಿರುವುದರಿಂದ ಬೀಜವನ್ನು ಅರೆದು ಮೇವಿಗೆ ಬೆರೆಸಬಾರದು. ಹೋಟೆಲಿನ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಬಾರದು. 2020ರಲ್ಲಿ ಭಾರತವನ್ನು ಪ್ರವೇಶಿಸಿದ, ಮದ್ದಿಲ್ಲದ ಆಫ್ರಿಕನ್ ಹಂದಿಜ್ವರ ಹರಡುವ ಮಾರ್ಗಗಳಲ್ಲಿ ಅದೂ ಒಂದು.

ಬಡಕಲು ಮರಿ ಮತ್ತು ಮಾನವ ಶಿಶು

ಹಂದಿಯ ಒಂದೊಂದು ಸೂಲಿನಲ್ಲಿಯೂ ಒಂದೆರಡು ಬಡಕಲು ಮರಿಗಳು ಹುಟ್ಟುತ್ತವೆ. ಗರ್ಭದಲ್ಲಿ ಸ್ಥಳವೂ ಪೋಷಣೆಯೂ ಸಾಲದೆ ಕುಗ್ಗಿದ ಮರಿಗಳಿವು. ಇಂತಹ ಮರಿ ಬದುಕುಳಿದು ಅನಂತರ ಅತಿ ವೇಗವಾಗಿ ಬೆಳೆದಾಗ ಅದರ ದೇಹ ಗ್ಲೂಕೋಸನ್ನು ನಿರ್ವಹಿಸುವ ರೀತಿ ಬದಲಾಗಿರುತ್ತದೆಯೇ ಎಂಬುದನ್ನು ಕೇಂಬ್ರಿಜ್‌ನ ಸಂಶೋಧಕರು ಪರೀಕ್ಷಿಸಿ, ಜನನದ ತೂಕಕ್ಕೂ ದೊಡ್ಡದಾದ ಮೇಲಿನ ಗ್ಲೂಕೋಸ್ ನಿರ್ವಹಣೆಗೂ ಸಂಬಂಧವಿದೆಯೆಂದು 2002ರಲ್ಲಿ ವರದಿ ಮಾಡಿದರು. ಮನುಷ್ಯರ ವಿಷಯದಲ್ಲಿ ಇದೇ ಬಗೆಯ ವಿಚಾರವನ್ನು ಹೇಲ್ಸ್ ಮತ್ತು ಬಾರ್ಕರ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1992ರಲ್ಲಿ ಮಂಡಿಸಿದ್ದರು.

ಇದಕ್ಕೆ ಅತಿ ಸ್ಪಷ್ಟವಾದ ಮಾನವ ಸಾಕ್ಷ್ಯ ದೊರೆತದ್ದು ಪುಣೆ ಜಿಲ್ಲೆಯಿಂದಲೇ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ನಗರದ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯನ್ನು ಕುರಿತ ಅಧ್ಯಯನ ಆರಂಭಿಸಿದರು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋಗ್ರಾಂ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು ಸುಮಾರು 3.5. ಪುಣೆಯ ಶಿಶುಗಳಲ್ಲಿ ಸ್ನಾಯು ಬಹಳ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಲಂಡನ್ನಿನ ಶಿಶುಗಳಿಗೆ ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಪುಣೆಯ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿಯೂ ಇತ್ತು. ನೋಡಲು ಸಣಕಲು, ಒಳಗೆ ಕೊಬ್ಬು: ಭಾರತೀಯ ಶಿಶುವಿನ ಈ ಲಕ್ಷಣ ಇಂದು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಸಂಸ್ಥೆ, 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ ಮತ್ತು ಉದ್ದವನ್ನು ದಾಖಲಿಸಿಟ್ಟಿತ್ತು. ಆ ಹಳೆಯ ದಾಖಲೆಗಳನ್ನು ಹಿಡಿದು 1990ರ ದಶಕದಲ್ಲಿ ಆಗಿನ ಮಧ್ಯವಯಸ್ಕರನ್ನು ಹುಡುಕಿ ಪರೀಕ್ಷಿಸಿದಾಗ, ಉದ್ದ ಕಡಿಮೆಯಿದ್ದು ಮೈದುಂಬಿ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿರುವುದು ತಿಳಿದುಬಂದಿತು. ತಾಯಿಯ ರಕ್ತದ ಸಕ್ಕರೆ ಏರಿದ್ದರೆ ಅದು ಗರ್ಭಕ್ಕೆ ದಾಟುತ್ತದೆ; ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಶಿಶು ತನ್ನದೇ ಇನ್ಸುಲಿನ್ನನ್ನು ಹೆಚ್ಚು ಸ್ರವಿಸಿ ಮೈದುಂಬಿಕೊಳ್ಳುತ್ತದೆ. ಪೋಷಣೆಯ ಕೊರತೆಯೂ ಸಕ್ಕರೆಯ ಅತಿಯೂ, ಎರಡೂ ಮುಂದಿನ ಪೀಳಿಗೆಗೆ ಹೊರೆಯಾಗಬಲ್ಲವು.

ಹಂದಿಯಲ್ಲಿ ಕಂಡದ್ದೆಲ್ಲವನ್ನೂ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ಎರಡು ಮಾತುಗಳು ಇಬ್ಬರಿಗೂ ಸಲ್ಲುತ್ತವೆ. ತೂಕ ಹೆಚ್ಚುವುದೆಲ್ಲವೂ ಬೆಳವಣಿಗೆಯಲ್ಲ. ಯಾವುದರಿಂದ ಹೆಚ್ಚಿತು ಎಂಬುದು ಮುಖ್ಯ. ಬೆಳವಣಿಗೆಯ ಬುನಾದಿ ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ದಿನಗಳಲ್ಲಿಯೇ ಬೀಳುತ್ತದೆ. ಆದ್ದರಿಂದ ಹಂದಿ ಸಾಕುವವರು ಗರ್ಭಧರಿಸಿದ ತಾಯಿಹಂದಿಗೆ ಹದವಾದ ಮೇವನ್ನೂ ಹುಟ್ಟಿದ ಮರಿಗೆ ಬಿಸಿಯನ್ನೂ ಗಿಣ್ಣುಹಾಲನ್ನೂ ತಪ್ಪದೆ ಒದಗಿಸಲಿ. ಮನೆಗಳಲ್ಲಿ ಗರ್ಭಿಣಿಯ ಊಟದಲ್ಲಿ ಅನ್ನ, ರೊಟ್ಟಿಗಳ ಜೊತೆಗೆ ಬೇಳೆ, ಕಾಳು, ಹಾಲು, ಸೊಪ್ಪು ಇರಲಿ; ಆಕೆಯ ರಕ್ತದ ಸಕ್ಕರೆಯ ಪರೀಕ್ಷೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ಸಕಾಲಕ್ಕೆ ನಡೆಯಲಿ. ಸಣ್ಣದಾಗಿ ಹುಟ್ಟಿದ ಮಗುವನ್ನು ಬೇಗ ದಪ್ಪ ಮಾಡುವ ಆತುರದಲ್ಲಿ ಸಿಹಿಯನ್ನೂ ಎಣ್ಣೆಯನ್ನೂ ತುಂಬುವ ಬದಲು, ತಾಯಿಯ ಹಾಲು ಮತ್ತು ಸಮತೂಕದ ಆಹಾರದಿಂದ ಅದರ ಸ್ನಾಯುಗಳು ಗಟ್ಟಿಯಾಗಿ ಬೆಳೆಯಲು ಕಾಲಾವಕಾಶ ಕೊಡುವುದು ಲೇಸು.